ಕ್ರೀಡಾಪ್ರಸಾರದ ಸ್ವಾಮ್ಯ ವಿಚಾರ

ಗದ್ದೆಗೆ ಒಡೆಯನುಂಟು, ತೋಟಕ್ಕೆ ಒಡೆಯನುಂಟು, ಊರ ಕೆರೆಯ ನೀರಿಗೆ ಊರೆಲ್ಲವೂ ಒಡೆಯರು. ಆದರೆ ಬಯಲಿನಲ್ಲಿ ನಡೆಯುವ ಆಟವೊಂದರ ನೋಟಕ್ಕೆ ಒಡೆಯರು ಯಾರು? ನಮ್ಮ ಹಿರಿಯರಿಗೆ ಈ ಪ್ರಶ್ನೆಯು ವಿನೋದವಾಗಿ ತೋರುತ್ತಿದ್ದಿತು. ಈಚಿನ ಮೂವತ್ತು ವರ್ಷಗಳಲ್ಲಾದರೋ ಇದೇ ಪ್ರಶ್ನೆಯ ಮೇಲೆ ಸರ್ವೋಚ್ಚ ನ್ಯಾಯಾಲಯದಲ್ಲಿ ವ್ಯಾಜ್ಯಗಳು ನಡೆದಿವೆ, ಪಾರ್ಲಿಮೆಂಟಿನಲ್ಲಿ ಕಾಯಿದೆಯಾಗಿದೆ, ಸಹಸ್ರಾರು ಕೋಟಿ ರೂಪಾಯಿಗಳ ಹರಾಜುಗಳು ಜರುಗಿವೆ. ಹೊಳೆನರಸೀಪುರ ತಾಲ್ಲೂಕಿನ ಹಳೇಕೋಟೆ ಹೋಬಳಿಯ ಯಾವ ಗ್ರಾಮದಲ್ಲಿಯಾದರೂ ಕ್ರಿಕೆಟ್ ನೋಡಲು ಗೃಹಸ್ಥನು ತಿಂಗಳು ತಿಂಗಳು ಕೊಡುವ ಹಣದಲ್ಲಿ ಈ ಚರಿತ್ರೆಯೆಲ್ಲವೂ ಅಡಗಿದೆ. ಆದುದರಿಂದ ಇದನ್ನು ಸಂಗ್ರಹವಾಗಿ ನಿರೂಪಿಸುವುದು ಪ್ರಕೃತ ಲೇಖನದ ಉದ್ದೇಶ.

ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು ದಾಯಭಾಗ ಪ್ರಕರಣದಲ್ಲಿ ಒಂದು ವಿಚಾರವನ್ನು ಎತ್ತಿಕೊಂಡಿದ್ದಾನೆ. ಸ್ವತ್ವವೆಂಬುದು ಶಾಸ್ತ್ರದಿಂದ ಮಾತ್ರ ತಿಳಿಯತಕ್ಕದ್ದೇ, ಅಥವಾ ಲೋಕವ್ಯವಹಾರದಿಂದಲೇ ಸಿದ್ಧವಾಗತಕ್ಕದ್ದೇ ಎಂಬುದೇ ಆ ವಿಚಾರ. ಅದು ಲೌಕಿಕವೇ ಎಂದು ಆತನ ನಿರ್ಣಯ. ಆಟದ ಪ್ರಸಾರದ ಹಕ್ಕು ಈ ನಿರ್ಣಯಕ್ಕೆ ಒಳ್ಳೆಯ ನಿದರ್ಶನವಾಗಿದೆ. ಮೊದಲು ಅಂಥ ಸ್ವತ್ತೇ ಇರಲಿಲ್ಲ. ಕೊಳ್ಳುವವರು ಹುಟ್ಟಿದರು, ಮಾರುವವರು ಹುಟ್ಟಿದರು. ಬಳಿಕ ಸ್ವತ್ತು ಹುಟ್ಟಿತು. ಕಟ್ಟಕಡೆಗೆ ಅದನ್ನು ನಿಯಂತ್ರಿಸುವ ಶಾಸನವು ಹುಟ್ಟಿತು.

ಪ್ರಸಾರದ ಮೊದಲ ಅಧ್ಯಾಯವು ನಮ್ಮ ನಾಡಿಗೆ ಅಪರಿಚಿತವಾದುದಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಅಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ಸ್ಥಾಪಿಸಿದರು. ‘ಆಕಾಶವಾಣಿ’ ಎಂಬ ಅದರ ಹೆಸರು ಮುಂದೆ ಇಡೀ ದೇಶದ ರೇಡಿಯೋವಿಗೆ ಸಂದಿತು. ಹೀಗೆ ಖಾಸಗಿ ಉತ್ಸಾಹದಿಂದ ಆರಂಭವಾದುದು ಕ್ರಮೇಣ ಸರ್ಕಾರದ ಕೈಸೇರಿತು. 1885ರ ತಂತಿ ಶಾಸನವು ಸಂದೇಶಪ್ರಸಾರದ ಸಮಸ್ತ ಅಧಿಕಾರವನ್ನೂ ಸರ್ಕಾರಕ್ಕೆ ಒಪ್ಪಿಸಿದ್ದುದೇ ಇದಕ್ಕೆ ಆಧಾರ. 1959ರಲ್ಲಿ ದೆಹಲಿಯಲ್ಲಿ ದೂರದರ್ಶನವು ಮೊದಲಾಯಿತು. 1976ರಲ್ಲಿ ಆಕಾಶವಾಣಿಯಿಂದ ಬೇರ್ಪಟ್ಟಿತು. 1982ರ ದೆಹಲಿಯ ಏಷ್ಯನ್ ಕ್ರೀಡಾಕೂಟದ ವೇಳೆಗೆ ವರ್ಣಚಿತ್ರಗಳನ್ನು ತೋರತೊಡಗಿತು. ಅದೇ 1982ರಲ್ಲಿ ಹಾಸನದ ಸಾಲಗಾಮೆ ರಸ್ತೆಯಲ್ಲಿ ಇನ್ಸಾಟ್ ಉಪಗ್ರಹಗಳ ಪ್ರಧಾನ ನಿಯಂತ್ರಣ ಕೇಂದ್ರವು ಸ್ಥಾಪಿತವಾಯಿತು. 1983ರಲ್ಲಿ ಗಗನಕ್ಕೇರಿದ ಇನ್ಸಾಟ್ 1ಬಿ ಉಪಗ್ರಹದ ಮೂಲಕ ದೂರದರ್ಶನವು ಹಳ್ಳಿಹಳ್ಳಿಗೂ ಹಬ್ಬುತ್ತಿರುವಾಗ ಅದರ ಚಲನೆಯನ್ನು ತಿದ್ದುತ್ತಿದ್ದ ಕೈ ನಮ್ಮ ಜಿಲ್ಲೆಯಲ್ಲಿತ್ತೆಂಬುದನ್ನು ವಾಚಕರು ಮರೆಯಲಾಗದು.

ಆ ಕಾಲದಲ್ಲಿ ಆಟದ ನೋಟಕ್ಕೆ ಬೆಲೆಯೇ ಇರಲಿಲ್ಲವೆನ್ನಬಹುದು. 1983ರ ಜೂನ್ 18ರಂದು ಇಂಗ್ಲೆಂಡಿನ ಟನ್‌ಬ್ರಿಡ್ಜ್ ವೆಲ್ಸ್‌ನಲ್ಲಿ ಜಿಂಬಾಬ್ವೆಗೆ ಎದುರಾಗಿ ಕಪಿಲದೇವನು ಹೊಡೆದ 175 ಓಟಗಳಿಗೆ ಟೆಲಿವಿಷನ್ ದಾಖಲೆಯೇ ಇಲ್ಲ. ವಿಶ್ವಕಪ್ಪನ್ನು ಭಾರತಕ್ಕೆ ತಂದ ಪಂದ್ಯಾವಳಿಯ ಅತಿಶಯವಾದ ಸಾಹಸವು ಕಂಡವರ ಬಾಯಲ್ಲಿ ಮಾತ್ರ ಉಳಿಯಿತು. ಅದೇ ಪಂದ್ಯಾವಳಿಯಲ್ಲಿ 18 ವಿಕೆಟ್ಟುಗಳನ್ನು ಗಳಿಸಿ ಎಲ್ಲರಿಗಿಂತ ಮುಂದಿದ್ದವರು ಬೆಂಗಳೂರಿನ ರೋಜರ್ ಬಿನ್ನಿಯವರು.

ಪರದೇಶಗಳಲ್ಲಿ ಸ್ಪರ್ಧೆಯು ಇದಕ್ಕೆ ಮೊದಲೇ ಹುಟ್ಟಿದ್ದಿತು. ಆಸ್ಟ್ರೇಲಿಯಾದಲ್ಲಿ ಕೆರಿ ಪ್ಯಾಕರ್ ಎಂಬ ಧನಿಕನು ತನ್ನ ಒಂಬತ್ತನೆಯ ವಾಹಿನಿಗೆ ಪ್ರಸಾರದ ಹಕ್ಕನ್ನು ಕೇಳಿ, ಕ್ರಿಕೆಟ್ ಮಂಡಲಿಯು ನಿರಾಕರಿಸಲಾಗಿ, 1977ರಲ್ಲಿ ಜಗತ್ತಿನ ಮೇಲಾದ ಆಟಗಾರರನ್ನೇ ವೇತನಕ್ಕೆ ಹಿಡಿದು ಪ್ರತ್ಯೇಕ ಪಂದ್ಯಗಳನ್ನು ನಡೆಸಿದನು. ಎರಡು ವರ್ಷಗಳಲ್ಲಿ ಮಂಡಲಿಯು ಸಂಧಿ ಮಾಡಿಕೊಂಡು ಹಕ್ಕನ್ನು ಅವನಿಗೇ ಕೊಟ್ಟಿತು. ಆಟವನ್ನು ತೋರಿಸುವವನು ಆಟವನ್ನೇ ಬದಲಾಯಿಸಬಲ್ಲನೆಂಬುದು ಅಂದು ಸಿದ್ಧವಾಯಿತು.

ಭಾರತದಲ್ಲಿ ಸ್ಪರ್ಧೆಗೆ ದಾರಿ ತೆರೆದುದು 1991ರಲ್ಲಿ ಬಂದ ವಿದೇಶೀ ಉಪಗ್ರಹ ವಾಹಿನಿಗಳು. ಎರಡು ವರ್ಷಗಳಲ್ಲಿಯೇ ಮೊದಲ ದೊಡ್ಡ ವ್ಯಾಜ್ಯವು ಉಂಟಾಯಿತು. 1993ರಲ್ಲಿ ಬಂಗಾಳದ ಕ್ರಿಕೆಟ್ ಸಂಘವು ಹೀರೋ ಕಪ್ ಪಂದ್ಯಗಳನ್ನು ಏರ್ಪಡಿಸಿ, ಪ್ರಸಾರದ ಹಕ್ಕನ್ನು ಟ್ರಾನ್ಸ್ ವರ್ಲ್ಡ್ ಇಂಟರ್‌ನ್ಯಾಷನಲ್ ಎಂಬ ವಿದೇಶೀ ಸಂಸ್ಥೆಗೆ ಮಾರಿತು. ದೂರದರ್ಶನವು ಕೋಪಗೊಂಡಿತು. ಹಕ್ಕಿಗಾಗಿ ತಾನು ಹಣ ಕೊಡುವುದಿಲ್ಲ. ಪಂದ್ಯಗಳನ್ನು ಚಿತ್ರಿಸಬೇಕಾದರೆ ಸಂಘವೇ ತನಗೆ ಪಂದ್ಯವೊಂದಕ್ಕೆ 5 ಲಕ್ಷ ರೂಪಾಯಿಗಳನ್ನು ಕೊಡತಕ್ಕದ್ದು ಎಂದು ಅದರ ವಾದ. ಸಂಗತಿಯು ಕಲ್ಕತ್ತೆಯ ಉಚ್ಚ ನ್ಯಾಯಾಲಯಕ್ಕೂ ಅಲ್ಲಿಂದ ಸರ್ವೋಚ್ಚ ನ್ಯಾಯಾಲಯಕ್ಕೂ ಹೋಯಿತು. ಮಧ್ಯಂತರಾಜ್ಞೆಗಳ ನಡುವೆಯೇ ಪಂದ್ಯಗಳು ಮುಗಿದವು. ನವೆಂಬರ್ 27ರ ಕೊನೆಯ ಪಂದ್ಯದಲ್ಲಿ ಬೆಂಗಳೂರಿನ ಅನಿಲ್ ಕುಂಬ್ಳೆಯವರು ವೆಸ್ಟ್ ಇಂಡೀಸಿನ 6 ವಿಕೆಟ್ಟುಗಳನ್ನು 12 ಓಟಗಳಿಗೆ ಕಿತ್ತುದನ್ನು ದೇಶವೆಲ್ಲವೂ ಕಂಡಿತು.

ಈ ವ್ಯಾಜ್ಯದ ಅಂತಿಮ ತೀರ್ಪು 1995ರ ಫೆಬ್ರುವರಿ 9ರಂದು ಬಂದಿತು. ಪೀಠದಲ್ಲಿದ್ದವರು ನ್ಯಾಯಮೂರ್ತಿ ಸಾವಂತ್, ನ್ಯಾಯಮೂರ್ತಿ ಜೀವನರೆಡ್ಡಿ, ಮತ್ತು ಹಿಂದೆ ಕರ್ನಾಟಕದ ಉಚ್ಚ ನ್ಯಾಯಾಲಯದಲ್ಲಿ ಮುಖ್ಯ ನ್ಯಾಯಾಧೀಶರಾಗಿದ್ದ ನ್ಯಾಯಮೂರ್ತಿ ಮೋಹನ್. ನೈಯಾಯಿಕರು ಶಬ್ದವನ್ನು ಆಕಾಶದ ಗುಣವೆಂದರು. ಈ ನ್ಯಾಯಮೂರ್ತಿಗಳಾದರೋ ಶಬ್ದವನ್ನೂ ಚಿತ್ರವನ್ನೂ ಹೊರುವ ತರಂಗಗಳನ್ನು ಸಾರ್ವಜನಿಕರ ಸ್ವತ್ತೆಂದು ಸಾರಿದರು. ಅವುಗಳ ಬಳಕೆಯನ್ನು ಸಾರ್ವಜನಿಕ ಹಿತಕ್ಕಾಗಿ ಸ್ವತಂತ್ರವಾದ ಪ್ರಾಧಿಕಾರವೊಂದು ನಿಯಂತ್ರಿಸಬೇಕು. ಸರ್ಕಾರದ ಏಕಸ್ವಾಮ್ಯವಾಗಲಿ ಧನಿಕರ ಏಕಸ್ವಾಮ್ಯವಾಗಲಿ ಸಲ್ಲದು. ಮುಂದಿನ ಚರಿತ್ರೆಯನ್ನು ಅಳೆಯಲು ನಮಗೆ ಮಾನದಂಡವಾಗತಕ್ಕದ್ದು ಈ ಎರಡನೆಯ ಮಾತು.

ಮಾರುಕಟ್ಟೆಯ ಬಾಗಿಲು ತೆರೆದೊಡನೆ ಅದರೊಳಕ್ಕೆ ಧೈರ್ಯವಾಗಿ ನುಗ್ಗಿದವರಲ್ಲಿ ಒಬ್ಬರು ಬೆಂಗಳೂರಿನವರೇ ಆದ ಮಾರ್ಕ್ ಮಸ್ಕರೇನಸ್. ಅಮೆರಿಕೆಯಲ್ಲಿ ನೆಲೆಸಿ ವರ್ಲ್ಡ್‌ಟೆಲ್ ಎಂಬ ಸಂಸ್ಥೆಯನ್ನು ಕಟ್ಟಿದ ಇವರು 1996ರ ವಿಶ್ವಕಪ್ಪಿನ ಪ್ರಸಾರದ ಹಕ್ಕನ್ನು ಸುಮಾರು 1 ಕೋಟಿ ಡಾಲರುಗಳಿಗೆ ಕೊಂಡುಕೊಂಡರು. ಅದರ ಹಿಂದಿನ ವರ್ಷವೇ ಸಚಿನ್ ತೆಂಡುಲ್ಕರರೊಡನೆ ಭಾರಿಯ ಕರಾರು ಮಾಡಿಕೊಂಡಿದ್ದರು. 1996ರ ಮಾರ್ಚ್ 9ರಂದು ಬೆಂಗಳೂರಿನಲ್ಲಿ ಭಾರತವು ಪಾಕಿಸ್ತಾನವನ್ನು 39 ಓಟಗಳಿಂದ ಸೋಲಿಸಿತು. ಆ ಪಂದ್ಯದಲ್ಲಿ ವೆಂಕಟೇಶಪ್ರಸಾದ್, ಕುಂಬ್ಳೆ, ಮತ್ತು ನಮ್ಮ ಅರಸೀಕೆರೆ ತಾಲ್ಲೂಕಿನ ಜಾವಗಲ್ಲಿನ ಹೆಸರನ್ನು ಹೊತ್ತ ಶ್ರೀನಾಥ್ ಆಡಿದರು. ಅರಸೀಕೆರೆಯಲ್ಲಿಯೇ ಹುಟ್ಟಿದ ಡೇವಿಡ್ ಜಾನ್ಸನ್ ಅದೇ ವರ್ಷ ಭಾರತದ ಟೆಸ್ಟ್ ತಂಡವನ್ನು ಸೇರಿದರು. ಆಟಗಾರರು ನಮ್ಮ ಸೀಮೆಯವರು, ಬಯಲು ನಮ್ಮ ರಾಜಧಾನಿಯದು, ನೋಟವನ್ನು ಮಾರಿದವರೂ ನಮ್ಮ ನಾಡಿನವರು. ಮಸ್ಕರೇನಸ್ ಅವರು 2002ರ ಜನವರಿಯಲ್ಲಿ ನಾಗಪುರದ ಬಳಿ ವಾಹನಾಪಘಾತದಲ್ಲಿ ಅಕಾಲಮರಣಕ್ಕೆ ತುತ್ತಾದರು.

ಇಷ್ಟರಲ್ಲಿ ಹಣ ಕೊಟ್ಟವರಿಗೆ ಮಾತ್ರ ಕಾಣುವ ಕ್ರೀಡಾವಾಹಿನಿಗಳು ನೆಲೆಗೊಂಡಿದ್ದವು. 2004ರಲ್ಲಿ ಭಾರತ ತಂಡವು ಪಾಕಿಸ್ತಾನಕ್ಕೆ ಹೋದಾಗ ಹಕ್ಕು ಟೆನ್ ಸ್ಪೋರ್ಟ್ಸ್ ವಾಹಿನಿಯದಾಗಿತ್ತು. ಸಾಮಾನ್ಯರಿಗೆ ನೋಟ ತಪ್ಪುವುದೆಂದು ಮದ್ರಾಸಿನ ಉಚ್ಚ ನ್ಯಾಯಾಲಯದಲ್ಲಿ ಅರ್ಜಿಯಾಗಿ, ವಿಷಯವು ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿ, ಪಂದ್ಯಗಳು ದೂರದರ್ಶನದಲ್ಲಿಯೂ ಕಾಣಿಸಿದವು. ಅದೇ ವರ್ಷ ಭಾರತದ ಕ್ರಿಕೆಟ್ ಮಂಡಲಿಯು ಹಕ್ಕುಗಳನ್ನು ಮಾರಹೊರಟಾಗ ಜೀ ಸಂಸ್ಥೆಗೂ ಇ.ಎಸ್.ಪಿ.ಎನ್.-ಸ್ಟಾರ್ ಸಂಸ್ಥೆಗೂ ಕಲಹವಾಗಿ, ಮಂಡಲಿಯು ಹರಾಜನ್ನೇ ರದ್ದುಪಡಿಸಿತು. ಜೀ ಸಂಸ್ಥೆಯು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. 2005ರ ಫೆಬ್ರುವರಿ 2ರಂದು ಐವರ ಪೀಠದಲ್ಲಿ ಮೂವರ ಬಹುಮತದ ತೀರ್ಪನ್ನು ಬರೆದವರು ಕನ್ನಡಿಗರಾದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು. ಸಂವಿಧಾನದ 12ನೆಯ ಅನುಚ್ಛೇದದ ಅರ್ಥದಲ್ಲಿ ಕ್ರಿಕೆಟ್ ಮಂಡಲಿಯು ‘ರಾಜ್ಯ’ವಲ್ಲ, ಆದರೂ ನೊಂದವರಿಗೆ ಉಚ್ಚ ನ್ಯಾಯಾಲಯದ ಬಾಗಿಲು ಮುಚ್ಚಿಲ್ಲ ಎಂದು ಅದರ ಸಾರ. ಹೀಗೆ ದೇಶದ ಹೆಸರಿನಲ್ಲಿ ಆಡುವ ತಂಡದ ಒಡೆತನವು ಖಾಸಗಿ ಸಂಘದ್ದೇ ಎಂದಾಯಿತು.

ಮತ್ತೆ 2007ರ ಆರಂಭದಲ್ಲಿ, ಹಕ್ಕನ್ನು ಕೊಂಡಿದ್ದ ನಿಂಬಸ್ ಸಂಸ್ಥೆಗೂ ದೂರದರ್ಶನಕ್ಕೂ ಜಗಳವಾಗಲು, ಕೇಂದ್ರ ಸರ್ಕಾರವು ಮೊದಲು ಸುಗ್ರೀವಾಜ್ಞೆಯನ್ನೂ ಬಳಿಕ ಕಾಯಿದೆಯನ್ನೂ ತಂದಿತು. ರಾಷ್ಟ್ರೀಯ ಮಹತ್ತ್ವದವೆಂದು ಸರ್ಕಾರವು ಪ್ರಕಟಿಸಿದ ಪಂದ್ಯಗಳ ಸಂಕೇತಗಳನ್ನು ಹಕ್ಕುದಾರರು ಪ್ರಸಾರ ಭಾರತಿಯೊಡನೆ ಹಂಚಿಕೊಳ್ಳಲೇಬೇಕು. ಜಾಹೀರಾತಿನ ಆದಾಯದಲ್ಲಿ ಟೆಲಿವಿಷನ್ನಿಗಾದರೆ ಹಕ್ಕುದಾರರಿಗೆ ನೂರಕ್ಕೆ 75, ಪ್ರಸಾರ ಭಾರತಿಗೆ 25, ರೇಡಿಯೋವಿಗಾದರೆ ಸಮಪಾಲು. ಕೊಂಡವನಿಗೆ ನಷ್ಟವಿಲ್ಲದೆ ಬಡವನಿಗೆ ನೋಟ ದೊರೆಯಲೆಂಬ ಮಧ್ಯಮ ಮಾರ್ಗವಿದು. ಬ್ರಿಟನ್ನಿನಲ್ಲಿಯೂ 1996ರ ಪ್ರಸಾರ ಶಾಸನದಂತೆ ಇಂಥ ಪಟ್ಟಿಯೊಂದುಂಟು.

ಈ ಮಾರ್ಗವು ಕ್ರಮೇಣ ಕಿರಿದಾಯಿತು. ದೂರದರ್ಶನದ ವಾಹಿನಿಗಳನ್ನು ಕೇಬಲಿನವರು ಕಡ್ಡಾಯವಾಗಿ ಒಯ್ಯಬೇಕಾದುದರಿಂದ ಹಂಚಿಕೆಯ ಚಿತ್ರವು ಕೇಬಲ್ ಮನೆಗಳಿಗೂ ತಲುಪುತ್ತಿದ್ದಿತು. ಹಕ್ಕುದಾರರು ಆಕ್ಷೇಪಿಸಲಾಗಿ, 2017ರ ಆಗಸ್ಟ್ 22ರಂದು ಸರ್ವೋಚ್ಚ ನ್ಯಾಯಾಲಯವು ಆ ಹಂಚಿಕೆಯು ದೂರದರ್ಶನದ ಸ್ವಂತ ಗೋಪುರಗಳಿಗೂ ಅದರ ಉಚಿತ ಡಿಶ್ ಸೇವೆಗೂ ಮಾತ್ರ ಸಲ್ಲುವುದೆಂದಿತು. ಆ ಗೋಪುರಗಳು 2022ರ ವೇಳೆಗೆ ಬಹುಮಟ್ಟಿಗೆ ಮೌನವಾದವು. ಉಳಿದುದು ಉಚಿತ ಡಿಶ್ ಒಂದೇ. ಅದನ್ನು ಹೊತ್ತಿರುವ ಜಿಸ್ಯಾಟ್ 15 ಉಪಗ್ರಹಕ್ಕೂ ಹಾಸನದ ಕೇಂದ್ರವೇ ಕಾವಲು. ಕೇಬಲನ್ನು ಆಶ್ರಯಿಸಿದವರಿಗಾದರೋ 2019ರ ಹೊಸ ಪದ್ಧತಿಯಂತೆ ಮುಖ್ಯ ಕ್ರೀಡಾವಾಹಿನಿಯೊಂದಕ್ಕೆ ತಿಂಗಳಿಗೆ 19 ರೂಪಾಯಿ ಬೇರೆಯಾಗಿ ಬಿದ್ದಿತು.

ಇತ್ತ 2008ರ ಏಪ್ರಿಲ್ 18ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಐ.ಪಿ.ಎಲ್. ಆರಂಭವಾಯಿತು. ಅದರ 2018ರಿಂದ 2022ರವರೆಗಿನ ಹಕ್ಕನ್ನು ಸ್ಟಾರ್ ಸಂಸ್ಥೆಯು 16,347.5 ಕೋಟಿ ರೂಪಾಯಿಗಳಿಗೆ ಕೊಂಡಿತು. 2023ರಿಂದ 2027ರವರೆಗಿನ ಹಕ್ಕು 2022ರ ಹರಾಜಿನಲ್ಲಿ 48,390 ಕೋಟಿಗೆ ಏರಿತು. ಅದರಲ್ಲಿ ಟೆಲಿವಿಷನ್ ಭಾಗವೊಂದಕ್ಕೇ 410 ಪಂದ್ಯಗಳಿಗೆ ಡಿಸ್ನಿ ಸ್ಟಾರ್ ಕೊಟ್ಟುದು 23,575 ಕೋಟಿ, ಎಂದರೆ ಪಂದ್ಯವೊಂದಕ್ಕೆ 57.5 ಕೋಟಿ. 1993ರಲ್ಲಿ ಸಂಘವೇ ತೆರಬೇಕೆಂದು ಕೇಳಿದ್ದ 5 ಲಕ್ಷಕ್ಕೆ ಇದು 1,150 ಪಟ್ಟು. ಅಷ್ಟೇ ಅಲ್ಲ, ಹಣ ಹರಿಯುವ ದಿಕ್ಕೇ ತಿರುಗಿಹೋಗಿದೆ. ಇಂಥ ಸಂಸ್ಥಾತಂಡಗಳ ಪಂದ್ಯಾವಳಿಗೆ 2007ರ ಹಂಚಿಕೆಯ ನಿಯಮವು ತಗಲಿಲ್ಲ.

ಸ್ಪರ್ಧೆಯಿಂದ ಒಳಿತಾಗಲಿಲ್ಲವೆಂದು ಹೇಳುವುದು ನ್ಯಾಯವಾಗದು. ಆಟಗಾರರ ದಾರಿದ್ರ್ಯವು ನೀಗಿತು. ಹತ್ತಾರು ಕ್ಯಾಮರಾಗಳ ನೋಟವು ಬಂದಿತು. 2014ರಿಂದ ನಮ್ಮ ಹಳ್ಳಿಗಳ ಕಬಡ್ಡಿಯು ದೊಡ್ಡ ಪರದೆಯನ್ನೇರಿತು. 2018ರ ಕೊನೆಗೆ ಕನ್ನಡದಲ್ಲಿಯೇ ಕ್ರೀಡಾವಾಹಿನಿಯೊಂದು ಹುಟ್ಟಿತು. ಇಂಗ್ಲಿಷ್ ಬಾರದ ಅಜ್ಜಿಯೂ ಆಟದ ವಿವರಣೆಯನ್ನು ತಿಳಿಯುವಂತಾಯಿತು. ಸರ್ಕಾರದ ಏಕಸ್ವಾಮ್ಯವು ಈ ಕೆಲಸವನ್ನು ಮಾಡಿರಲಿಲ್ಲವೆಂಬುದನ್ನು ಒಪ್ಪಲೇಬೇಕು.

ಆದರೆ ಈ ಫಲಗಳಿಗೆ ಕಾರಣವು ಸ್ಪರ್ಧೆಯಾದುದರಿಂದ ಸ್ಪರ್ಧೆಯು ಅಳಿದರೆ ಫಲವು ಉಳಿಯುವುದೇ ಎಂಬ ಪ್ರಶ್ನೆ ಏಳುವುದು. ಐ.ಪಿ.ಎಲ್.ನ ಟೆಲಿವಿಷನ್ ಹಕ್ಕೂ 2024ರಿಂದ 2027ರವರೆಗಿನ ಅಂತರರಾಷ್ಟ್ರೀಯ ಮಂಡಲಿಯ ಪಂದ್ಯಗಳೂ ಡಿಸ್ನಿ ಸ್ಟಾರ್ ಬಳಿಯಿದ್ದವು. ಐ.ಪಿ.ಎಲ್.ನ ಅಂತರ್ಜಾಲದ ಹಕ್ಕೂ ಭಾರತದಲ್ಲಿ ನಡೆಯುವ ದೇಶ-ದೇಶಗಳ ಪಂದ್ಯಗಳೂ ರಿಲಯನ್ಸಿನ ವಯಾಕಾಂ 18ರ ಬಳಿಯಿದ್ದವು. ಹರಾಜಿನಲ್ಲಿ ಎದುರುಬದುರಾಗಿ ನಿಂತಿದ್ದ ಈ ಇಬ್ಬರೂ 2024ರ ನವೆಂಬರಿನಲ್ಲಿ ಒಂದಾಗಿ ಜಿಯೋಸ್ಟಾರ್ ಎನಿಸಿದರು. ಸ್ಪರ್ಧಾ ಆಯೋಗವು ಕೆಲವು ನಿಬಂಧನೆಗಳೊಡನೆ ಇದಕ್ಕೆ ಅನುಮತಿಯಿತ್ತಿತು. ಸೋನಿಯೇ ಮೊದಲಾದವರು ಉಳಿದಿರುವರಾದರೂ ಮುಖ್ಯವಾದ ಹಕ್ಕುಗಳೆಲ್ಲ ಒಂದೇ ಮನೆಯ ಕಣಜವನ್ನು ಸೇರಿವೆ. 1995ರ ತೀರ್ಪು ನಿಷೇಧಿಸಿದ ಎರಡು ಏಕಸ್ವಾಮ್ಯಗಳಲ್ಲಿ ಮೊದಲನೆಯದು ಹೋಯಿತು. ಎರಡನೆಯದು ಬಾಗಿಲಲ್ಲಿ ನಿಂತಿದೆ.

ಐ.ಪಿ.ಎಲ್.ನ ಈಗಿನ ಕರಾರು 2027ಕ್ಕೆ ಮುಗಿಯುವುದು. ಮುಂದಿನ ಹರಾಜಿನಲ್ಲಿ ಕೂಗುವವರು ಒಬ್ಬರೇ ಆದರೆ ಕ್ರಿಕೆಟ್ ಮಂಡಲಿಗೆ ಬೆಲೆ ಇಳಿಯಬಹುದು. ನೋಡುವ ಗೃಹಸ್ಥನಿಗೆ ಬೆಲೆ ಇಳಿಯುವುದೆಂಬ ಭರವಸೆಯಾದರೋ ಇಲ್ಲ. ರಾಷ್ಟ್ರೀಯ ಮಹತ್ತ್ವದ ಪಂದ್ಯಗಳ ಪಟ್ಟಿಯನ್ನು ಹಿಗ್ಗಿಸುವ ಅಧಿಕಾರವು 2007ರ ಕಾಯಿದೆಯಂತೆ ಕೇಂದ್ರ ಸರ್ಕಾರದ ಕೈಯಲ್ಲಿಯೇ ಇದೆ. ತರಂಗಗಳು ಪ್ರಜೆಗಳ ಸ್ವತ್ತೆಂದು ನ್ಯಾಯಾಲಯವು ಹೇಳಿ ಮೂವತ್ತು ವರ್ಷಗಳಾದವು. ಸ್ವತ್ತಿನ ಒಡೆಯರು ಕೇಳದಿದ್ದರೆ ಗೇಣಿದಾರನು ತಾನಾಗಿ ಲೆಕ್ಕ ಒಪ್ಪಿಸುವುದಿಲ್ಲ. ಆದುದರಿಂದ ಜಿಲ್ಲೆಯ ವಿದ್ಯಾವಂತರು ಈ ಕಾಯಿದೆಯನ್ನು ಓದಿ ತಿಳಿದು, ತಮ್ಮ ಲೋಕಸಭಾ ಸದಸ್ಯರ ಮುಂದೆ ಈ ವಿಷಯವನ್ನು ಇಡುವುದು ಯುಕ್ತವಾಗಿದೆ.