ಬಲಗಡೆಯ ಸೂರ್ಯ

ಕ್ರಿ.ಪೂ. 600ರ ಆಸುಪಾಸು. ಈಜಿಪ್ಟಿನ ದೊರೆ ಎರಡನೆಯ ನೆಕೋ ನೈಲ್ ನದಿಯಿಂದ ಕೆಂಪು ಸಮುದ್ರದವರೆಗೆ ತೋಡಿಸುತ್ತಿದ್ದ ಕಾಲುವೆಯನ್ನು ಅರ್ಧಕ್ಕೇ ನಿಲ್ಲಿಸಿದ. ಆಮೇಲೆ ಫಿನೀಷಿಯನ್ ನಾವಿಕರನ್ನು ಕರೆದು ಬೇರೊಂದು ಕೆಲಸ ಒಪ್ಪಿಸಿದ. ಅವರು ಕೆಂಪು ಸಮುದ್ರದಿಂದ ಹೊರಟು, ಆಫ್ರಿಕಾವನ್ನು ಸುತ್ತಿಕೊಂಡು, ಜಿಬ್ರಾಲ್ಟರ್ ಮೂಲಕ ಮರಳಿ ಬರಬೇಕಿತ್ತು. ಶರತ್ಕಾಲ ಬಂದಾಗ ದಡಕ್ಕಿಳಿದು ಬಿತ್ತಿ, ಪೈರು ಕೊಯ್ದುಕೊಂಡು ಮುಂದೆ ಸಾಗಿದ ಅವರು ಮೂರನೆಯ ವರ್ಷ ಈಜಿಪ್ಟ್ ತಲುಪಿದರಂತೆ.

ಒಂದೂವರೆ ಶತಮಾನದ ನಂತರ ಈ ಸಂಗತಿಯನ್ನು ದಾಖಲಿಸಿದವನು ಗ್ರೀಕ್ ಇತಿಹಾಸಕಾರ ಹೆರೊಡೋಟಸ್. ಯಾನ ನಡೆದದ್ದನ್ನು ಅವನು ಒಪ್ಪುತ್ತಾನೆ. ಒಪ್ಪದ ಮಾತು ಒಂದೇ: ಆಫ್ರಿಕಾವನ್ನು ಬಳಸಿ ಬರುವಾಗ ಸೂರ್ಯ ತಮ್ಮ ಬಲಗಡೆಗಿದ್ದ ಎಂದು ನಾವಿಕರು ಹೇಳಿದ್ದು. ಬೇಕಾದವರು ನಂಬಲಿ, ತನಗಂತೂ ನಂಬಿಕೆಯಿಲ್ಲ ಎಂದು ಬರೆದು ಅವನು ಮುಂದೆ ಹೋಗುತ್ತಾನೆ.

ಅವನ ಅನುಮಾನ ಸಹಜವೇ. ಪೂರ್ವಕ್ಕೆ ಮುಖ ಮಾಡಿದವರ ಬಲಕ್ಕೆ ದಕ್ಷಿಣ. ಸಂಸ್ಕೃತದಲ್ಲಿ ಬಲಗಡೆಗೂ ಆ ದಿಕ್ಕಿಗೂ ‘ದಕ್ಷಿಣ’ ಎಂಬ ಒಂದೇ ಪದ. ಆಫ್ರಿಕಾದ ತುದಿಯಲ್ಲಿ ಹಡಗು ಪಶ್ಚಿಮಕ್ಕೆ ಮುಖ ಮಾಡಿತ್ತು. ಆಗ ಬಲಕ್ಕಿರುವುದು ಉತ್ತರ. ಹೆರೊಡೋಟಸ್ ಹುಟ್ಟಿದ ಹ್ಯಾಲಿಕಾರ್ನಸಸ್ ಸುಮಾರು 37 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಅಲ್ಲಿ ನಡುಹಗಲ ಸೂರ್ಯ ವರ್ಷವಿಡೀ ದಕ್ಷಿಣದಲ್ಲೇ ಇರುತ್ತಾನೆ. ದೆಹಲಿಯಲ್ಲೂ ಹಾಗೆಯೇ. ಬೆಂಗಳೂರು, ಚೆನ್ನೈಗಳಲ್ಲಿ ಮಾತ್ರ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ವಾಲುತ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತದೆ. ಆಫ್ರಿಕಾದ ದಕ್ಷಿಣ ತುದಿ ಇರುವುದು ಸುಮಾರು 35 ಡಿಗ್ರಿ ದಕ್ಷಿಣದಲ್ಲಿ. ಅಲ್ಲಿ ವರ್ಷದ ಯಾವ ದಿನವೂ ನಡುಹಗಲ ಸೂರ್ಯ ಉತ್ತರದಲ್ಲೇ. ಹೆರೊಡೋಟಸ್‌ಗೆ ಸುಳ್ಳೆಂದು ಕಂಡ ವಿವರವನ್ನೇ ಮುಂದೆ ಹಲವರು ಆ ಯಾನಕ್ಕೆ ಸಾಕ್ಷಿಯೆಂದು ಎತ್ತಿ ಹಿಡಿದರು.

ಆದರೆ ಸಾಕ್ಷಿ ಅಷ್ಟು ಗಟ್ಟಿಯಲ್ಲ. ಈಜಿಪ್ಟಿನ ದಕ್ಷಿಣಕ್ಕಿದ್ದ ಮೆರೋಯೆ ನಗರ ಹೆಚ್ಚುಕಡಿಮೆ ಹೈದರಾಬಾದಿನ ಅಕ್ಷಾಂಶದಲ್ಲೇ ಇತ್ತು. ಬೇಸಿಗೆಯಲ್ಲಿ ಅಲ್ಲಿಯೂ ಸೂರ್ಯ ಉತ್ತರಕ್ಕೆ ಸರಿಯುತ್ತಾನೆ. ಇದನ್ನು ತಿಳಿಯಲು ಆಫ್ರಿಕಾವನ್ನು ಸುತ್ತಬೇಕಿರಲಿಲ್ಲ. ಕಥೆಯಲ್ಲಿ ಇಲ್ಲದಿರುವ ಮಾತುಗಳೂ ಕಾಡುತ್ತವೆ. ಭೂಮಧ್ಯರೇಖೆಯ ಆಚೆ ಋತುಗಳು ತಿರುಗುಮುರುಗು. ಉತ್ತರದ ಶರತ್ಕಾಲದಲ್ಲಿ ಅಲ್ಲಿ ವಸಂತ. ಹಾಗಾದರೆ ನಾವಿಕರು ಬಿತ್ತಿದ್ದು ಯಾವ ಶರತ್ಕಾಲದಲ್ಲಿ? ಫಿನೀಷಿಯನ್ನರು ರಾತ್ರಿ ದಿಕ್ಕು ಹಿಡಿಯುತ್ತಿದ್ದುದು ಲಘು ಸಪ್ತರ್ಷಿ ಮಂಡಲದಿಂದ ಎಂದು ಗ್ರೀಕರೇ ಬರೆದಿದ್ದಾರೆ. ಆಫ್ರಿಕಾದ ತುದಿಯಲ್ಲಿ ಆ ನಕ್ಷತ್ರಗಳು ಮೂಡುವುದೇ ಇಲ್ಲ. ದಾರಿ ತೋರುವ ಚುಕ್ಕಿಗಳೇ ಮುಳುಗಿಹೋದ ಬಗ್ಗೆ ಒಂದು ಮಾತೂ ಇಲ್ಲ.

ಬಾರ್ತಲೋಮಿಯೋ ಡಯಾಸ್ ಆ ತುದಿಯನ್ನು ಬಳಸಿದ್ದು 1488ರಲ್ಲಿ. ಫಿನೀಷಿಯನ್ನರು ಅವನಿಗಿಂತ ಎರಡು ಸಾವಿರ ವರ್ಷ ಮೊದಲೇ ಅಲ್ಲಿದ್ದರೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಅದು ನಡೆಯುತ್ತಿರುವುದೇ ಹೆರೊಡೋಟಸ್ ತಾನು ನಂಬದ ಮಾತನ್ನು ಹೊಡೆದುಹಾಕದೆ ಉಳಿಸಿದ್ದರಿಂದ. ಅವನು ತನಗೆ ಸರಿಕಂಡದ್ದನ್ನಷ್ಟೇ ಬರೆದಿದ್ದರೆ, ಬಲಗಡೆಯ ಆ ಸೂರ್ಯನ ಸುದ್ದಿ ನಮ್ಮವರೆಗೆ ಬರುತ್ತಲೇ ಇರಲಿಲ್ಲ.