ಕಬ್ಬಿಣದ ಕೊಳವೆಯ ಸಾಕ್ಷ್ಯ

ಶ್ರೀರಂಗಪಟ್ಟಣದ ಪೂರ್ವಕ್ಕಿರುವ ಕರಿಘಟ್ಟವನ್ನು ನಾವೆಲ್ಲರೂ ಶ್ರೀನಿವಾಸಸ್ವಾಮಿಯ ಸನ್ನಿಧಿಯೆಂದು ಬಲ್ಲೆವು. ಅದೇ ಬೆಟ್ಟವು ಒಮ್ಮೆ ರಣಭೂಮಿಯೂ ಆಗಿತ್ತು. 1792ನೆಯ ಫೆಬ್ರವರಿ 6ರ ರಾತ್ರಿ ಲಾರ್ಡ್ ಕಾರ್ನ್‌ವಾಲಿಸನ ಸೈನ್ಯವು ಮೂರು ದಳಗಳಾಗಿ ಟಿಪ್ಪು ಸುಲ್ತಾನನ ಪಾಳೆಯದ ಮೇಲೆ ಬಿದ್ದಿತು. ಎಡದ ದಳದ ನಾಯಕನಾದ ಮ್ಯಾಕ್ಸ್‌ವೆಲ್ ಕರಿಘಟ್ಟವನ್ನು ಹಿಡಿದನು. ಕಾವೇರಿಯತ್ತ ಸಾಗುತ್ತಿದ್ದ ಕರ್ನಲ್ ನಾಕ್ಸನ ಪಡೆಯ ಮೇಲೆ ಆಗ ಮೈಸೂರಿನ ಅಗ್ನಿಬಾಣಗಳು ಎರಗಿದುವು.

ಜಾತ್ರೆ ಉತ್ಸವಗಳ ಬಾಣಬಿರುಸು ನಮಗೆ ಹೊಸದಲ್ಲ. ಆದರೆ ಅದರ ಕೊಳವೆ ಕಾಗದದ್ದು. ಮದ್ದನ್ನು ಮಿತಿಮೀರಿ ಬಿಗಿದರೆ ಒಡೆದುಹೋಗುತ್ತದೆ. ಹೈದರ್ ಮತ್ತು ಟಿಪ್ಪುವಿನ ಕುಶಲಿಗಳು ಮಾಡಿದ ಕೊಳವೆ ಕಬ್ಬಿಣದ್ದು. ಅದು ಉರಿಯುವ ಮದ್ದಿನ ಅನಿಲದ ಒತ್ತಡವನ್ನು ತಡೆದುಕೊಂಡು, ಒಂದೇ ಕಡೆಯಿಂದ ಹೊರಬಿಡುತ್ತಿತ್ತು. ಹಾರಾಟ ನೇರವಾಗಲೆಂದು ಅದಕ್ಕೆ ಬಿದಿರ ಕೋಲನ್ನೋ ಕತ್ತಿಯ ಅಲಗನ್ನೋ ತೊಗಲಪಟ್ಟಿಯಿಂದ ಕಟ್ಟುತ್ತಿದ್ದರು. ಹೀಗೆ ಬಾಣವು ಒಂದು ಮೈಲಿಗೂ ಮಿಕ್ಕ ದೂರ ಹೋಗುತ್ತಿತ್ತು. ಮೈಸೂರಿನ ವಿಶೇಷವಿದ್ದುದು ಮದ್ದಿನಲ್ಲಿ ಮಾತ್ರವಲ್ಲ, ಅದರ ಕವಚದಲ್ಲಿ.

1799ನೆಯ ಏಪ್ರಿಲಿನಲ್ಲಿ ಸುಲ್ತಾನ್‌ಪೇಟೆಯ ತೋಪಿನಲ್ಲಿ ಕರ್ನಲ್ ವೆಲ್ಲೆಸ್ಲಿ ಇವುಗಳ ರುಚಿ ಕಂಡನು. ಮೇ 4ರಂದು ಪಟ್ಟಣ ಬಿದ್ದ ಬಳಿಕ ಸಿಕ್ಕಿದ ಬಾಣಗಳು ಇಂಗ್ಲೆಂಡಿಗೆ ಸಾಗಿದುವು. ಅಲ್ಲಿ ವಿಲಿಯಂ ಕಾಂಗ್ರೀವನ ಪ್ರಯೋಗಗಳಿಗೆ ಇವೇ ಪ್ರೇರಣೆಯಾದುವು. 1807ರಲ್ಲಿ ಕೋಪನ್‌ಹೇಗನ್ ಅವನ ಬಾಣಗಳಿಂದ ಹೊತ್ತಿ ಉರಿಯಿತು.

ಇಲ್ಲಿ ಉಳಿದ ಕೊಳವೆಗಳ ಗತಿಯೇನು? 1763ರಲ್ಲಿ ಹೈದರನ ವಶವಾದ ಬಿದನೂರು, ಅಂದರೆ ಈಗಿನ ಶಿವಮೊಗ್ಗ ಜಿಲ್ಲೆಯ ನಗರ, ಇದಕ್ಕೆ ಉತ್ತರ ಹೇಳುತ್ತದೆ. 2002ರಲ್ಲಿ ಅಲ್ಲಿನ ಬಾವಿಯೊಂದರ ಹೂಳೆತ್ತುವಾಗ ನೂರಕ್ಕೂ ಮಿಕ್ಕ ತುಕ್ಕುಹಿಡಿದ ಕಬ್ಬಿಣದ ಕೊಳವೆಗಳು ದೊರೆತುವು. ಅವು ಟಿಪ್ಪುವಿನ ಕಾಲದ ಅಗ್ನಿಬಾಣಗಳೆಂದು ಗುರುತಾದುದು ಸುಮಾರು ಹತ್ತು ವರ್ಷಗಳ ಅನಂತರ. ಮತ್ತೆ 2018ರಲ್ಲಿ, ಬಾವಿಯ ಮಣ್ಣಿನ ಮದ್ದಿನ ವಾಸನೆಯ ಜಾಡು ಹಿಡಿದು ಅಗೆದಾಗ, ಸಾವಿರಕ್ಕೂ ಹೆಚ್ಚು ಕೊಳವೆಗಳು ಹೊರಬಂದುವು.

ಕರಿಘಟ್ಟದ ಸುತ್ತಿನ ಹೊಲಗಳಲ್ಲಿ ನಾಳೆ ನೇಗಿಲಿಗೆ ಇಂಥ ಕೊಳವೆ ತಗುಲಿದರೆ? ಒಂದು ತುದಿ ಮುಚ್ಚಿ, ಇನ್ನೊಂದರಲ್ಲಿ ಕಿರಿದಾದ ಬಾಯಿ ಇದ್ದರೆ ಅದನ್ನು ಹಳೆಯ ಕಬ್ಬಿಣವೆಂದು ತೂಕಕ್ಕೆ ಮಾರದಿರೋಣ; ತುಕ್ಕನ್ನು ಕೆರೆಯುವುದೂ ಬೆಂಕಿಗೆ ಹಿಡಿಯುವುದೂ ಬೇಡ. ಒಳಗೆ ಮದ್ದು ಉಳಿದಿರಬಹುದು. ಪುರಾತತ್ತ್ವ ಇಲಾಖೆಗೆ ತಿಳಿಸುವುದೇ ಲೇಸು. ಗೆದ್ದವರು ತಮ್ಮ ಕಥೆಯನ್ನು ಬರೆದಿಟ್ಟರು. ಸೋತವರ ಕಮ್ಮಾರನ ಮಾತನ್ನು ಹೇಳಲು ಈ ಕೊಳವೆಯ ಹೊರತು ಬೇರೆ ಸಾಕ್ಷಿಗಳು ಬಹಳ ಕಡಿಮೆ.