ಇತಿಹಾಸ ಚಿತ್ರಪುಸ್ತಕ

ಓದು ಬಾರದ ಅಥವಾ ಈಗಷ್ಟೇ ಓದಲು ಕಲಿಯುತ್ತಿರುವ ಮಕ್ಕಳಿಗೆ ಹಿಂದಿನ ಕಾಲದ ಜನರನ್ನೂ ಘಟನೆಗಳನ್ನೂ ಚಿತ್ರಗಳ ಮೂಲಕ ಪರಿಚಯಿಸುವ ಮಕ್ಕಳ ಸಾಹಿತ್ಯ ಪ್ರಕಾರ. ದೊಡ್ಡವರು ಓದಿ ಹೇಳುತ್ತಾರೆ, ಮಗು ಚಿತ್ರ ನೋಡುತ್ತದೆ. ಇಸವಿಗಳು ಅರ್ಥವಾಗದ ಆ ವಯಸ್ಸಿನಲ್ಲಿ ಉಡುಪು, ಮನೆ, ಗಾಡಿ, ಪಾತ್ರೆಪಡಗಗಳೇ ಕಾಲದ ಗುರುತುಗಳು. ಹಾಗಾಗಿ ಚಿತ್ರದ ನಿಖರತೆಗೂ ಪಠ್ಯದಷ್ಟೇ ಬೆಲೆ.

ಆರಂಭ

ಚಿತ್ರದಿಂದ ಪಾಠ ಕಲಿಸುವ ಪದ್ಧತಿಗೆ ತಳಹದಿ ಹಾಕಿದ್ದು ಮೊರೇವಿಯದ ಶಿಕ್ಷಣತಜ್ಞ ಕೊಮೀನಿಯಸ್. 1658ರಲ್ಲಿ ನ್ಯೂರೆಂಬರ್ಗಿನಲ್ಲಿ ಅಚ್ಚಾದ ಅವನ ‘ಆರ್ಬಿಸ್ ಪಿಕ್ಟಸ್’ನಲ್ಲಿ ಚಿತ್ರದ ಒಂದೊಂದು ವಸ್ತುವಿಗೂ ಅಂಕಿ ಕೊಟ್ಟು ಹೆಸರು ಸೂಚಿಸಲಾಗಿತ್ತು. ಇತಿಹಾಸವನ್ನೇ ವಸ್ತುವಾಗಿಸಿಕೊಂಡ ಆರಂಭದ ಶ್ರೇಷ್ಠ ಕೃತಿಗಳಲ್ಲಿ ಫ್ರಾನ್ಸಿನ ಬೂಟೆ ದ ಮೋನ್ವೆಲ್‌ನ ‘ಜಾನ್ ದಾರ್ಕ್’ (1896) ಮುಖ್ಯವಾದುದು. 1870–71ರಲ್ಲಿ ಪ್ರಶ್ಯದೊಡನೆ ನಡೆದ ಯುದ್ಧದಲ್ಲಿ ಸೋತ ದೇಶದ ಮಕ್ಕಳಿಗೆ, ನಾಡಿಗಾಗಿ ಹೋರಾಡಿದ ಆ ಹುಡುಗಿಯ ಕಥೆ ಧೈರ್ಯ ತುಂಬುವ ವೀರಗಾಥೆಯಾಯಿತು.

ಮಹಾಪುರುಷರಿಂದ ಸಾಮಾನ್ಯರೆಡೆಗೆ

ಅಮೆರಿಕದಲ್ಲಿ ಇಂಗ್ರಿ ಮತ್ತು ಎಡ್ಗರ್ ಡೊಲೇರ್ ದಂಪತಿಯ ‘ಅಬ್ರಹಾಂ ಲಿಂಕನ್’ಗೆ ಚಿತ್ರಪುಸ್ತಕಗಳಿಗೆಂದೇ ಇರುವ ಕ್ಯಾಲ್ಡಿಕಾಟ್ ಪದಕ 1940ರಲ್ಲಿ ಸಂದಿತು. ಲಿಂಕನ್ ಬಾಳಿದ ಊರುಗಳಿಗೆ ಹೋಗಿ ನೋಡಿ ಚಿತ್ರ ಬರೆದರೂ, ಕರಿಯರನ್ನೂ ಮೂಲನಿವಾಸಿಗಳನ್ನೂ ಚಿತ್ರಿಸಿದ ರೀತಿಗಾಗಿ ಅವರು ಮುಂದೆ ಟೀಕೆಗೆ ಒಳಗಾದರು. ಮಗುವಿನ ಮನಸ್ಸಿನಲ್ಲಿ ಮೊದಲು ಮೂಡಿದ ಚಿತ್ರವನ್ನು ಅಳಿಸುವುದು ಕಷ್ಟ. ಈ ಪ್ರಕಾರದ ಹೊಣೆ ದೊಡ್ಡದು ಎನ್ನುವುದು ಅದಕ್ಕೇ.

1980ರಲ್ಲಿ ಜಪಾನಿನ ತೋಶಿ ಮಾರುಕಿ ‘ಹಿರೋಶಿಮಾದ ಪಿಕಾ’ (ಪಿಕಾ ಎಂದರೆ ಸ್ಫೋಟದ ಮಿಂಚು) ಪ್ರಕಟಿಸಿದರು. ಅಣುಬಾಂಬ್ ಬಿದ್ದ ಕೆಲವೇ ದಿನಗಳಲ್ಲಿ ಆ ನಗರಕ್ಕೆ ಹೋಗಿ ಕಣ್ಣಾರೆ ಕಂಡಿದ್ದವರು ಅವರು. ಮೀ ಎಂಬ ಏಳು ವರ್ಷದ ಹುಡುಗಿಯ ಕಥೆಯಲ್ಲಿ ತಾಯಿ ಗಾಯಗೊಂಡ ತಂದೆಯನ್ನು ಹೊತ್ತು, ಮಗಳ ಜೊತೆ ಬೆಂಕಿಯ ನಡುವೆ ಓಡುತ್ತಾಳೆ. ಸಂಕಟವನ್ನು ಮರೆಮಾಚದೆಯೂ ಮಕ್ಕಳಿಗೆ ಹೇಳಬಹುದೆಂದು ಈ ಪುಸ್ತಕ ತೋರಿಸಿತು. ಎಲೆನ್ ಲೆವಿನ್ ಬರೆದು ಕಾದಿರ್ ನೆಲ್ಸನ್ ಚಿತ್ರಿಸಿದ ‘ಹೆನ್ರೀಸ್ ಫ್ರೀಡಂ ಬಾಕ್ಸ್’ (2007), 1849ರಲ್ಲಿ ಮರದ ಪೆಟ್ಟಿಗೆಯೊಳಗೆ ಅಡಗಿ ರಿಚ್ಮಂಡ್‌ನಿಂದ ಫಿಲಡೆಲ್ಫಿಯಕ್ಕೆ ತನ್ನನ್ನೇ ಸರಕಿನಂತೆ ಕಳುಹಿಸಿಕೊಂಡು ಬಿಡುಗಡೆ ಪಡೆದ ಗುಲಾಮ ಹೆನ್ರಿ ಬ್ರೌನ್‌ನ ಕಥೆ.

ಭಾರತ ಮತ್ತು ಕರ್ನಾಟಕ

ವ್ಯಂಗ್ಯಚಿತ್ರಕಾರ ಶಂಕರ್ 1957ರಲ್ಲಿ ಚಿಲ್ಡ್ರನ್ಸ್ ಬುಕ್ ಟ್ರಸ್ಟ್ ಸ್ಥಾಪಿಸಿದರು. ನ್ಯಾಷನಲ್ ಬುಕ್ ಟ್ರಸ್ಟಿನ ನೆಹರು ಬಾಲ ಪುಸ್ತಕಾಲಯ ಮಾಲೆ ಅಗ್ಗದ ಚಿತ್ರಪುಸ್ತಕಗಳನ್ನು ಕನ್ನಡವೂ ಸೇರಿದಂತೆ ಹಲವು ಭಾಷೆಗಳಿಗೆ ತಲುಪಿಸಿತು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ 1967ರಲ್ಲಿ ರೂಪಿಸಿದ ‘ಅಮರ ಚಿತ್ರ ಕಥೆ’ ಪುರಾಣದ ಜೊತೆಗೆ ಐತಿಹಾಸಿಕ ವ್ಯಕ್ತಿಗಳನ್ನೂ ಮನೆಮಾತಾಗಿಸಿತು. ಅದು ಕಾಮಿಕ್ಸ್ ರೂಪದ್ದು, ತುಸು ದೊಡ್ಡ ಮಕ್ಕಳಿಗೆ ಹೊಂದುವಂಥದ್ದು. ರಾಷ್ಟ್ರೋತ್ಥಾನ ಪರಿಷತ್ತಿನ ‘ಭಾರತ-ಭಾರತಿ’ ಮಾಲೆಯ ಕಿರುಹೊತ್ತಗೆಗಳು ಕನ್ನಡದ ಮಕ್ಕಳಿಗೆ ನೂರಾರು ಜೀವನಚರಿತ್ರೆಗಳನ್ನು ಒದಗಿಸಿದವಾದರೂ, ಅವುಗಳಲ್ಲಿ ಮಾತಿಗೇ ಪ್ರಾಧಾನ್ಯ. 2015ರಲ್ಲಿ ಬೆಂಗಳೂರಿನ ಪ್ರಥಮ್ ಬುಕ್ಸ್ ಆರಂಭಿಸಿದ ‘ಸ್ಟೋರಿವೀವರ್’ ಕನ್ನಡದಲ್ಲೂ ಚಿತ್ರಪುಸ್ತಕಗಳನ್ನು ಉಚಿತವಾಗಿ ಒದಗಿಸುತ್ತಿದೆ.

ಇತಿಹಾಸವನ್ನು ಚಿತ್ರದಲ್ಲಿ ಹೇಳುವ ರೂಢಿ ಕನ್ನಡ ನಾಡಿಗೆ ಹೊಸದಲ್ಲ. ಅನೇಕ ವೀರಗಲ್ಲುಗಳು ಕಾಳಗ, ಸ್ವರ್ಗಾರೋಹಣ, ದೇವಸನ್ನಿಧಿಗಳನ್ನು ಕೆಳಗಿನಿಂದ ಮೇಲಕ್ಕೆ ಮೂರು ಹಂತಗಳಲ್ಲಿ ತೋರಿಸುತ್ತವೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ 10ನೇ ಶತಮಾನದ ಕಲ್ಲು, ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ಸ್ಮಾರಕ. ಇಂಥ ಕಥೆಗಳನ್ನು ಮೂಲಸಾಮಗ್ರಿಗೆ ನಿಷ್ಠವಾಗಿ, ಕನ್ನಡದಲ್ಲೇ ಬರೆದು ಚಿತ್ರಿಸಿದರೆ ಎಳೆಯರು ತಮ್ಮ ನೆಲದ ಇತಿಹಾಸವನ್ನು ಅರಸರ ಹೆಸರುಗಳಾಚೆಗೂ ಅರಿಯಬಲ್ಲರು.